ಮೊದಲು ಊಟ ಆಗಲಿ

ಗೊರಿಲ್ಲಾ ನೋಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಜೆರ್ಸಿ ಸಿಟಿಯ ಒಬ್ಬ ಹಲ್ಲಿನ ಡಾಕ್ಟರಿಗಾಗಿ ಕಾಯುವ ಕೋಣೆಯಲ್ಲಿ. 1966ನೇ ಇಸವಿ. ಅಮೆರಿಕಕ್ಕೆ ಬಂದು ಎರಡು ವರ್ಷವಾಗಿತ್ತು, ಬಲಗಡೆಯ ದವಡೆ ಹಲ್ಲು ಜೀವ ಹಿಂಡುತ್ತಿತ್ತು. ಟೀಪಾಯಿಯ ಮೇಲಿದ್ದ ಯಾವುದೋ ಹಳೇ ಮ್ಯಾಗಜೀನು ತಿರುವಿದರೆ ನಡುಪುಟದಲ್ಲಿ ಒಂದು ಗಂಡು ಗೊರಿಲ್ಲಾ. ಮಂಜು ಕವಿದ ಬೆಟ್ಟದಲ್ಲಿ ಸೊಪ್ಪಿನ ನಡುವೆ ಕೂತಿತ್ತು. ಅದು ಕ್ಯಾಮೆರಾದ ಕಡೆ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ದಂಟನ್ನು ನೋಡುತ್ತಿತ್ತು. ಅಷ್ಟು ನೆಮ್ಮದಿಯಿಂದ ಊಟಕ್ಕೆ ಕೂತವರನ್ನು ನಾನು ಈ ದೇಶದಲ್ಲಿ ಕಂಡಿರಲಿಲ್ಲ. ಯಾರೂ ನೋಡದಾಗ ಆ ಪುಟ ಹರಿದು ಜೇಬಿಗೆ ಹಾಕಿಕೊಂಡೆ. ಹಲ್ಲು ಕಿತ್ತರು, ಹುಚ್ಚು ಉಳಿಯಿತು.

ನನ್ನ ಹೆಸರು ದ್ವಾರಕಾನಾಥ. ಊರು ಮೈಸೂರು, ಕೆಲಸ ಸೇತುವೆ ತಪಾಸಣೆ. ನ್ಯೂ ಜೆರ್ಸಿಯ ಸೇತುವೆಗಳ ಕೆಳಗೆ ನೇತಾಡಿಕೊಂಡು ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಬರೆದುಕೊಳ್ಳುವುದು. ಈ ಕೆಲಸದಲ್ಲಿ ಮನುಷ್ಯ ಪಟ್ಟಿ ಮಾಡುವ ಪ್ರಾಣಿಯಾಗಿಬಿಡುತ್ತಾನೆ. ನನ್ನ ಹೆಂಡತಿ ನಿರುಪಮಾ ಧಾರವಾಡದವಳು, ಪ್ರಿನ್ಸ್‌ಟನ್ನಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳಿರಲಿಲ್ಲ. 1974ರ ಹೊತ್ತಿಗೆ ನಾವು ಪ್ಲೇನ್ಸ್‌ಬರೋದಲ್ಲಿ ಆಗಷ್ಟೇ ಕಟ್ಟಿದ ಅಪಾರ್ಟ್‌ಮೆಂಟಿಗೆ ಬಂದಿದ್ದೆವು. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಹಿಂದಿನ ಬಾಗಿಲು ತೆಗೆದರೆ ಜೋಳದ ಹೊಲ.

ಆ ವರ್ಷದ ಬೇಸಿಗೆಗೆಂದು ಮೂರು ವರ್ಷದಿಂದ ಕೂಡಿಟ್ಟ ರಜೆ ನನ್ನ ಕೈಯಲ್ಲಿತ್ತು. ಅದು ಇಂಡಿಯಾಕ್ಕೆ ಹೋಗಲೆಂದು ಕೂಡಿಟ್ಟ ರಜೆ. ಅಮ್ಮನನ್ನು ನೋಡಿ ಐದು ವರ್ಷವಾಗಿತ್ತು. ಅವಳು ಮೈಸೂರಿನ ಚಾಮರಾಜಪುರಂನಲ್ಲಿ ನನ್ನ ಅಕ್ಕ ಪಂಕಜಳ ಜೊತೆ ಇದ್ದಳು. ಅಕ್ಕ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು. ಅಮ್ಮನಿಗೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ, ನಾನಿಲ್ಲ ಅನ್ನುವುದೊಂದು ಬಿಟ್ಟರೆ. ಒಬ್ಬನೇ ಮಗ.

ಮಾರ್ಚಿನ ಒಂದು ಭಾನುವಾರ ಪೇಪರಿನಲ್ಲಿ ಚಿಕ್ಕ ಜಾಹೀರಾತು ಬಂತು. ನೈರೋಬಿಯಿಂದ ನೈರೋಬಿಗೆ, ಟ್ರಕ್ಕಿನಲ್ಲಿ ನಲವತ್ತು ದಿನ, ವಸತಿ ಟೆಂಟಿನಲ್ಲಿ, ಅಡಿಗೆ ಸರದಿಯ ಮೇಲೆ. ಸಿಂಹ, ಆನೆ, ಕೊನೆಗೆ ಝೈರ್ ದೇಶದ ಬೆಟ್ಟದಲ್ಲಿ ಗೊರಿಲ್ಲಾ. ಮ್ಯಾನ್‌ಹ್ಯಾಟನ್ನಿನಲ್ಲಿ ಅವರ ಆಫೀಸು. ಹೋಗಿ ಕೇಳಿದೆ. ಗೋಡೆಯ ಮೇಲಿನ ಮ್ಯಾಪಿನಲ್ಲಿ ಯುಗಾಂಡದ ಒಳಗೆ ಹೋಗದೆ ಸುತ್ತುಬಳಸಿ ಹೋಗುವ ಕೆಂಪು ಗೆರೆ ಇತ್ತು. ‘ಮೊದಲು ಒಳಗೇ ಹೋಗುತ್ತಿದ್ದೆವು. ಈಗ ಅಲ್ಲಿ ನಿಮ್ಮ ಇಂಡಿಯಾದವರನ್ನೆಲ್ಲ ಓಡಿಸಿದ್ದಾರಲ್ಲ, ನಿಮ್ಮ ಮುಖ ಇಟ್ಟುಕೊಂಡು ಅತ್ತ ಹೋಗೋದು ಬೇಡ’ ಎಂದ ಅಲ್ಲಿ ಕೂತಿದ್ದವನು. ಮುಖದ ಬಗ್ಗೆ ಅಷ್ಟು ನೇರವಾಗಿ ಮಾತಾಡಿದ ಮೊದಲ ಅಮೆರಿಕನ್ ಅವನೇ. ಅಲ್ಲೇ ಸಹಿ ಹಾಕಿಬಿಟ್ಟೆ.

ನಿರುಪಮಾ ಕೇಳಿ ನಕ್ಕಳು. ‘ನಾ ಟೆಂಟಿನ್ಯಾಗ ಮಲಗಲಿಕ್ಕೆ ಅಮೇರಿಕಾಕ್ಕ ಬಂದಿಲ್ಲರಿ. ನೀವು ಹೋಗಿ ಬರ್ರಿ. ಒಮ್ಮೆ ಆ ಹುಚ್ಚ ಇಳೀಲಿ’ ಎಂದಳು. ಆಮೇಲೆ, ‘ಅತ್ತಿಯವರಿಗೆ ಏನ್ ಬರೀತೀರಿ?’ ಎಂದು ಕೇಳಿದಳು.

ಮುಂದಿನ ಬೇಸಿಗೆಗೆ ಖಂಡಿತ ಬರುತ್ತೇನೆ ಎಂದು ಬರೆದೆ. ಅಮ್ಮನ ಉತ್ತರ ಅಕ್ಕನ ಕೈಬರಹದಲ್ಲಿ ಬಂತು: ‘ಕೋತಿ ನೋಡೋದಕ್ಕೆ ಅಷ್ಟು ದೂರ ಹೋಗಬೇಕೇನೋ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಬೇಕಾದಷ್ಟಿವೆ. ಹುಷಾರಾಗಿ ಹೋಗಿ ಬಾ. ಕಾಡಿನಲ್ಲಿ ಬರಿಗಾಲಲ್ಲಿ ಓಡಾಡಬೇಡ.’ ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ಮೊದಲು ಎಂದಿನಂತೆ ಪಟ್ಟಿ ಮಾಡಿದೆ. ಟ್ರಕ್ಕು ಯಾವ ಊರಿನಲ್ಲಿ ಯಾವ ತಾರೀಖಿಗೆ ನಿಲ್ಲುತ್ತದೆ, ಅಲ್ಲಿನ ಪೋಸ್ಟ್ ಆಫೀಸಿಗೆ ಪತ್ರ ಹೇಗೆ ಹಾಕಬೇಕು ಎಂದು ಕಾರ್ಬನ್ ಇಟ್ಟು ಟೈಪ್ ಮಾಡಿದೆ. ಮೊದಲು ಕೀನ್ಯಾದಲ್ಲೇ ಹತ್ತು ದಿನ ಸುತ್ತಿ ಜುಲೈ ಇಪ್ಪತ್ತೈದಕ್ಕೆ ಮತ್ತೆ ನೈರೋಬಿ, ಆಮೇಲೆ ಕಿಗಾಲಿ, ಆಮೇಲೆ ಝೈರಿನ ಬುಕಾವು. ಒಂದು ಪ್ರತಿ ನಿರುಪಮಾಗೆ, ಒಂದು ಆಫೀಸಿಗೆ. ಮೂರನೆಯದು ಉಳಿಯಿತಲ್ಲ ಎಂದು ಅಕ್ಕನಿಗೆ ಕಳಿಸಿದೆ. ಅದನ್ನು ನಿರುಪಮಾಗೆ ಹೇಳಬೇಕೆಂದು ಹೊಳೆಯಲಿಲ್ಲ. ಹೇಳುವಂಥದ್ದು ಏನಿತ್ತು ಅದರಲ್ಲಿ?

ಮೊದಲ ಹತ್ತು ದಿನ ನಾನು ಸುಖವಾಗಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಹಾಗಿರಲಿಲ್ಲ ಎಂದು ಗೊತ್ತಾಗಲಿ ಅಂತ. ಹಳೇ ಮಿಲಿಟರಿ ಟ್ರಕ್ಕು, ಹಿಂದೆ ಎದುರುಬದುರು ಎರಡು ಬೆಂಚು, ನಾವು ಹದಿನೆಂಟು ಜನ. ನನ್ನ ಟೆಂಟಿನ ಜೊತೆಗಾರ ವಾಲ್ಟರ್ ಎಂಬ ಅರವತ್ತೆರಡರ ಮುದುಕ. ನಮ್ಮ ನ್ಯೂ ಜೆರ್ಸಿಯದೇ ಬೇಯಾನ್‌ನಲ್ಲಿ ಬಸ್ ಓಡಿಸಿ ರಿಟೈರ್ ಆದವನು, ಹೆಂಡತಿ ಸತ್ತಿದ್ದಳು. ಆಫ್ರಿಕಾದ ಆ ಬಯಲಿನಲ್ಲಿ ನಾವಿಬ್ಬರೂ ನ್ಯೂ ಜೆರ್ಸಿಯ ಟ್ರಾಫಿಕ್ಕಿನ ಬಗ್ಗೆ ಮಾತಾಡಿಕೊಂಡು ಗೂಟ ಹೊಡೆಯುತ್ತಿದ್ದೆವು. ಒಂದು ಬೆಳಿಗ್ಗೆ ಸಿಂಹಿಣಿಯೊಂದು ಟ್ರಕ್ಕಿನ ನೆರಳಿಗೆ ಬಂದು ಮಲಗಿತು. ಎದ್ದು ಹೋಗುವ ತನಕ ಎರಡು ಗಂಟೆ ಯಾರೂ ಇಳಿಯುವ ಹಾಗಿರಲಿಲ್ಲ. ನಾನು ಮೇಲಿನಿಂದ ಅದರ ಕಿವಿಯ ನೊಣಗಳನ್ನು ನೋಡುತ್ತ ಕೂತಿದ್ದೆ. ನಗು ತಡೆಯಲಾಗುತ್ತಿರಲಿಲ್ಲ. ಇಂಥದ್ದನ್ನು ನೋಡಲು ನನಗೆ ಮೂವತ್ತೆಂಟು ವರ್ಷ ಬೇಕಾಯಿತಲ್ಲ ಅನ್ನಿಸಿತು.

ಇಪ್ಪತ್ತೈದನೇ ತಾರೀಖು ಗುರುವಾರ ನೈರೋಬಿಗೆ ಬಂದೆವು. ಡ್ರೈವರು, ‘ಹನ್ನೊಂದಕ್ಕೆ ಹೊರಡ್ತೇವೆ, ಯಾರಿಗೂ ಕಾಯೋದಿಲ್ಲ’ ಎಂದು ಹೇಳಿ ಎಲ್ಲರನ್ನೂ ಬಿಟ್ಟ. ಪೋಸ್ಟ್ ಆಫೀಸಿನ ಕ್ಯೂನಲ್ಲಿ ನಿಂತು ಪಾಸ್‌ಪೋರ್ಟು ತೋರಿಸಿದೆ. ನನಗೆ ಒಂದೇ ಪತ್ರ. ಅಕ್ಕನ ಕೈಬರಹ.

ಅಮ್ಮ ಹದಿನಾರನೇ ತಾರೀಖು ಮಂಗಳವಾರ ಬೆಳಿಗ್ಗೆ ಹೋಗಿಬಿಟ್ಟಿದ್ದಳು. ಕಾಫಿ ಕುಡಿದು ಲೋಟ ಕೆಳಗಿಟ್ಟವಳು ಎದೆ ಹಿಡಿದುಕೊಂಡಳಂತೆ, ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು. ನಾಲ್ಕು ಸಾಲು ಇಷ್ಟು. ಆಮೇಲೆ ಅಕ್ಕ ಬರೆದಿದ್ದಳು: ‘ಕರ್ಮವನ್ನು ಚಿಕ್ಕಪ್ಪನ ಮಗ ಶ್ಯಾಮ್ ಮಾಡುತ್ತಿದ್ದಾನೆ. ನಿರುಪಮಾಗೆ ತಂತಿ ಕೊಟ್ಟಿದ್ದೇವೆ. ನೈರೋಬಿಯಿಂದ ಬೊಂಬಾಯಿಗೆ ನೇರ ವಿಮಾನ ಇದೆಯಂತೆ, ಎದುರು ಮನೆ ರಾಯರು ವಿಚಾರಿಸಿ ಹೇಳಿದರು. ಇಪ್ಪತ್ತೆಂಟು ಭಾನುವಾರ ಹದಿಮೂರನೇ ದಿನ. ಬೆಂಕಿ ಕೊಡಲಂತೂ ಆಗಲಿಲ್ಲ, ಅವತ್ತಿಗಾದರೂ ಬಾ. ಕಾಯುತ್ತೇವೆ.’

ಏರ್ ಇಂಡಿಯಾ ಆಫೀಸು ಮುಂದಿನ ರಸ್ತೆಯಲ್ಲೇ ಇತ್ತು. ನಾನು ಹುಡುಕಿಕೊಂಡು ಹೋಗಲಿಲ್ಲ, ಟ್ರಕ್ಕಿನ ಕಡೆ ನಡೆಯುವಾಗ ಎದುರಿಗೆ ಸಿಕ್ಕಿತು. ಗಾಜಿನೊಳಗೆ ಪೇಟ ಸುತ್ತಿದ ಮಹಾರಾಜನ ಗೊಂಬೆ, ಅದರ ಹಿಂದೆ ಸೀರೆಯುಟ್ಟ ಹುಡುಗಿ ಟೈಪ್ ಮಾಡುತ್ತಿದ್ದಳು. ಗಡಿಯಾರದಲ್ಲಿ ಹತ್ತೂಕಾಲು. ಗಾಜಿನ ಮುಂದೆ ನಿಂತೆ.

ದುಃಖ ಬಂದರೆ ಒಳಗೆ ಹೋಗೋಣ ಎಂದು ಕಾದೆ. ನಾನು ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಕಾದೆ. ಅಮ್ಮನ ಮುಖ ನೆನಪಿಗೆ ತಂದುಕೊಂಡೆ. ಬಂತು, ಪಾಸ್‌ಪೋರ್ಟಿನ ಫೋಟೋದಲ್ಲಿ ಇರುತ್ತದಲ್ಲ ಹಾಗೆ, ಕಿವಿ ಮೂಗು ಎಲ್ಲ ಸರಿಯಾಗಿ. ಮೈಯಲ್ಲಿ ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಕೊಟ್ಟ ಇಂಜೆಕ್ಷನ್ನು ಬರೀ ದವಡೆಗೆ ಬದಲು ಇಡೀ ಮೈಗೆ ಹತ್ತಿದ ಹಾಗಿತ್ತು. ಒಳಗಿನ ಹುಡುಗಿ ತಲೆಯೆತ್ತಿ ನೋಡಿ, ಬನ್ನಿ ಎನ್ನುವಂತೆ ನಕ್ಕಳು. ನಾನೂ ನಕ್ಕೆ. ಹತ್ತೂಮುಕ್ಕಾಲಿಗೆ ಕಾಲುಗಳು ಟ್ರಕ್ಕಿನ ಕಡೆ ತಿರುಗಿದವು.

ಬೆಂಚಿನ ಮೇಲೆ ಜಾಗ ಬಿಟ್ಟು ವಾಲ್ಟರ್ ಕೇಳಿದ, ‘ಮನೆಯಿಂದ ಪತ್ರ ಬಂತಾ?’

‘ಬಂತು’ ಎಂದೆ.

‘ಎಲ್ಲ ಸೌಖ್ಯವಾ?’

‘ಎಲ್ಲ ಸೌಖ್ಯ.’

ಭಾನುವಾರ ನಾವು ತಾಂಜಾನಿಯಾದ ಹುಲ್ಲುಗಾವಲಿನಲ್ಲಿದ್ದೆವು. ಅವತ್ತು ಅಡಿಗೆಯ ಸರದಿ ನನ್ನದು ಮತ್ತು ವಾಲ್ಟರನದು. ಬೇರೆಯವರ ಸರದಿ ಬಂದಾಗ ಡಬ್ಬಿ ಮಾಂಸ, ನನ್ನ ಸರದಿ ಬಂದರೆ ಅನ್ನ, ಬೇಳೆ, ಆಲೂಗಡ್ಡೆ. ಸೌದೆ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ಬೇಯಿಸಿ, ಎಲ್ಲರೂ ಸಾಲಾಗಿ ಕೂತ ಮೇಲೆ ನಾನೇ ಬಡಿಸುತ್ತ ಹೋದೆ. ಏಳೆಂಟು ಜನ ಮತ್ತೆ ಹಾಕಿಸಿಕೊಂಡರು. ಇದು ಅಮ್ಮನ ಹದಿಮೂರನೇ ದಿನದ ಊಟ ಎಂದು ನನಗೆ ಹೊಳೆಯದೆ ಏನೂ ಇರಲಿಲ್ಲ. ಮೈಸೂರಿನಲ್ಲಿ ಈಗ ಎಲೆ ಹಾಕಿರುತ್ತಾರೆ ಎಂದುಕೊಂಡೆ. ಎಂದುಕೊಂಡು, ಸೌಟು ತೊಳೆದಿಟ್ಟೆ. ದೂರದಲ್ಲಿ ಸಾವಿರಾರು ಕಾಡುದನಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಟ್ರಕ್ಕಿನವರೆಲ್ಲ ಕ್ಯಾಮೆರಾ ತಗೊಂಡು ಓಡಿದರು. ನಾನೂ ಓಡಿದೆ, ಓಡದಿದ್ದರೆ ಯಾಕೆಂದು ಕೇಳುತ್ತಾರಲ್ಲ.

ಕಿಗಾಲಿಯಲ್ಲಿ ನಿರುಪಮಾಳ ಪತ್ರ ಸಿಕ್ಕಿತು. ಒಡೆಯುವಾಗ, ಈಗ ಇವಳು ಬರೆದಿರುತ್ತಾಳೆ, ಈಗ ಎಲ್ಲ ಬಯಲಾಗುತ್ತದೆ ಎಂದುಕೊಂಡೆ. ಒಂಥರ ಬಿಡುಗಡೆಯೂ ಅನ್ನಿಸಿತು. ಅವಳು ಬರೆದಿದ್ದಳು: ಇಲ್ಲಿ ವಿಪರೀತ ಸೆಖೆ. ಹಿಂದಿನ ಹೊಲದ ಜೋಳ ಆಳೆತ್ತರ ಬಂದಿದೆ. ಕೇಶವಮೂರ್ತಿಯವರು ನ್ಯೂಯಾರ್ಕಿಗೆ ಹೋದಾಗ ಬೇಳೆ, ಇಂಗು ತಂದುಕೊಟ್ಟರು. ಒಬ್ಬಳೇ ಅಲ್ಲವೇ, ದಿನಕ್ಕೆ ಒಂದೇ ಹೊತ್ತು ಅಡಿಗೆ ಮಾಡಿಕೊಳ್ಳುತ್ತೇನೆ. ನಿಮ್ಮ ಗೊರಿಲ್ಲಾ ಸಿಕ್ಕಿತೇ? ನನ್ನ ಕಾಳಜಿ ಮಾಡಬೇಡಿ, ಆರಾಮಾಗಿ ನೋಡಿಕೊಂಡು ಬನ್ನಿ.

ಎರಡು ಸಲ ಓದಿದೆ. ಅವಳಿಗೆ ತಂತಿ ಹೋಗಿ ಎರಡು ವಾರದ ಮೇಲಾಗಿತ್ತು. ಒಂದೇ ಹೊತ್ತಿನ ಊಟ ಯಾಕೆಂದು ನನಗೆ ಗೊತ್ತಾಗದೆ ಇರುತ್ತದೆಯೇ. ನನ್ನ ತಾಯಿಯ ಸೂತಕವನ್ನು ಅವಳು ಆ ಹೊಸ ಬಣ್ಣದ ಮನೆಯಲ್ಲಿ ಒಬ್ಬಳೇ ಕೂತು ಹಿಡಿಯುತ್ತಿದ್ದಳು. ನನಗೆ ಮಾತ್ರ ತಿಳಿಯಬಾರದೆಂದು ಜೋಳದ ಹೊಲದ ವರ್ಣನೆ. ಅಕ್ಕ ನನಗೂ ಬರೆದಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಪೋಸ್ಟ್ ಆಫೀಸಿನ ಮುಂದೆಯೇ ಒಂದು ಪಿಕ್ಚರ್ ಕಾರ್ಡು ಕೊಂಡು, ಆನೆ ನೋಡಿದೆ, ಘೇಂಡಾಮೃಗ ನೋಡಿದೆ, ಆರೋಗ್ಯವಾಗಿದ್ದೇನೆ ಎಂದು ಬರೆದು ಹಾಕಿದೆ. ಅವಳ ಸುಳ್ಳಿಗೆ ಕಾರಣವಿತ್ತು. ನನ್ನದಕ್ಕೆ ಏನಿತ್ತೋ ನನಗೆ ತಿಳಿಯದು.

ಗೊರಿಲ್ಲಾ ನೋಡುವ ದಿನ ಬೆಳಿಗ್ಗೆ, ಬುಕಾವುವಿನ ಆಚೆ ಬೆಟ್ಟದ ಬುಡದಲ್ಲಿ ಚಹಾ ಕುದಿಯುತ್ತಿದ್ದಾಗ, ವಾಲ್ಟರ್ ತನ್ನ ಚಿಕ್ಕ ರೇಡಿಯೋ ಕಿವಿಗಿಟ್ಟುಕೊಂಡು ಕೂತಿದ್ದವನು ಒಮ್ಮೆಲೇ ಅಳುವುದಕ್ಕೆ ಶುರು ಮಾಡಿದ. ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡುತ್ತಾನೆಂದು ಸುದ್ದಿ ಬಂದಿತ್ತು. ‘ಎರಡು ಸಲ ಅವನಿಗೇ ವೋಟ್ ಹಾಕಿದ್ದೆ’ ಎಂದು ಬಿಕ್ಕಿದ. ನಾನು ಅವನ ಬೆನ್ನು ಸವರುತ್ತ ಕೂತೆ. ಎಂದೂ ಮುಖ ನೋಡದ ಮನುಷ್ಯನಿಗಾಗಿ ಒಬ್ಬ ಬಸ್ ಡ್ರೈವರು ಇಷ್ಟು ಕಣ್ಣೀರು ಹಾಕುತ್ತಾನಲ್ಲ ಎಂದು ಹೊಟ್ಟೆಕಿಚ್ಚಾಯಿತು. ಸುಮ್ಮನೆ ಹೇಳುತ್ತಿಲ್ಲ, ಹೊಟ್ಟೆಕಿಚ್ಚೇ.

ಆರಾರು ಜನರ ಗುಂಪು ಮಾಡಿ ಕಳಿಸಿದರು. ಮುಂದೆ ಇಬ್ಬರು ಕುಳ್ಳಗಿನ ಸ್ಥಳೀಯರು ಮಚ್ಚಿನಲ್ಲಿ ಬಳ್ಳಿ ಸವರುತ್ತ ಹೋಗುತ್ತಿದ್ದರು, ಹಿಂದೆ ನಾವು. ದಾರಿ ಅನ್ನುವುದೇ ಇರಲಿಲ್ಲ. ಬಿದಿರು, ಕೆಸರು, ಮುಟ್ಟಿದರೆ ಉರಿಯುವ ಸೊಪ್ಪು. ಅವರು ಅಲ್ಲಲ್ಲಿ ನಿಂತು ಲದ್ದಿ ಮುಟ್ಟಿ ನೋಡುತ್ತಿದ್ದರು, ಮುರಿದ ದಂಟು ಎತ್ತಿ ಮೂಸುತ್ತಿದ್ದರು. ಮೂರು ಗಂಟೆ ಹತ್ತಿದೆವು. ಆಮೇಲೆ ಮುಂದಿದ್ದವನು ಕೈಯೆತ್ತಿ, ಕೂತುಕೊಳ್ಳಿ ಎಂದು ಸನ್ನೆ ಮಾಡಿದ.

ಹದಿನೈದು ಗಜ ದೂರದಲ್ಲಿ ಅದು ಕೂತಿತ್ತು. ಬೆನ್ನು ಬೆಳ್ಳಗೆ, ತಲೆ ಬಂಡೆಯಷ್ಟು. ಪಕ್ಕದಲ್ಲಿ ಎರಡು ಹೆಣ್ಣು, ಒಂದು ಮರಿ. ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದು ಎಳೆದು, ಬೇಡದ ಎಲೆ ಉದುರಿಸಿ, ಉಳಿದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಒಮ್ಮೆ ತಲೆಯೆತ್ತಿ ನೇರ ನನ್ನನ್ನೇ ನೋಡಿತು. ಆಮೇಲೆ ಮತ್ತೆ ಸೊಪ್ಪಿನ ಕಡೆ ತಿರುಗಿತು. ನನ್ನ ಪಕ್ಕದಲ್ಲಿ ವಾಲ್ಟರ್ ಮತ್ತೆ ಅಳುತ್ತಿದ್ದ, ಈ ಸಲ ಸಂತೋಷಕ್ಕೆ. ಹಿಂದೆ ಯಾರೋ ದೇವರ ಹೆಸರು ಹೇಳಿದರು.

ನಾನು ಕಾದೆ. ಎಂಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಗೊರಿಲ್ಲಾ ಇದೇ. ಇದಕ್ಕೆಂದೇ ಆ ಗಾಜಿನ ಬಾಗಿಲು ತಳ್ಳದೆ ಬಂದದ್ದು. ಈಗಲಾದರೂ ಏನಾದರೂ ಆಗಬೇಕು. ಏನೂ ಆಗಲಿಲ್ಲ. ಒಂದು ದೊಡ್ಡ ಪ್ರಾಣಿ ಸೊಪ್ಪು ತಿನ್ನುತ್ತಿದೆ, ಅಷ್ಟೇ ಕಂಡಿತು. ಅಮ್ಮನಿಗಾಗಿ ಅಳಲಾರದವನಿಗೆ ಗೊರಿಲ್ಲಾ ಕಂಡು ಸಂತೋಷವೂ ಆಗುವುದಿಲ್ಲ ಎಂದು ಅಲ್ಲಿ ಕೆಸರಿನಲ್ಲಿ ಕೂತು ತಿಳಿದುಕೊಂಡೆ. ರೀಲು ಮುಗಿಯುವವರೆಗೂ ಫೋಟೋ ಹೊಡೆದೆ. ಊರಿಗೆ ಹೋದ ಮೇಲೆ ಎಲ್ಲರೂ ಕೇಳುತ್ತಾರೆ.

ಆಗಸ್ಟ್ ಇಪ್ಪತ್ತೆರಡರ ಬೆಳಿಗ್ಗೆ ಕೆನಡಿ ಏರ್‌ಪೋರ್ಟಿನಲ್ಲಿ ಇಳಿದೆ. ನಿರುಪಮಾ ಬಂದಿದ್ದಳು, ಜೊತೆಗೆ ಕೇಶವಮೂರ್ತಿ. ಅವರು ನಮಗಿಂತ ಹತ್ತು ವರ್ಷ ದೊಡ್ಡವರು, ಬೆಂಗಳೂರಿನವರು, ಔಷಧಿ ಕಂಪನಿಯಲ್ಲಿ ಕೆಮಿಸ್ಟು. ಆಗ ನಮ್ಮ ಕಡೆ ದೇವಸ್ಥಾನವಾಗಲಿ ಪುರೋಹಿತರಾಗಲಿ ಇರಲಿಲ್ಲ. ತಂದೆಯಿಂದ ಕಲಿತ ನಾಲ್ಕು ಮಂತ್ರ ಬರುತ್ತಿತ್ತೆಂದು ಯಾರ ಮನೆಯಲ್ಲಿ ಏನಾದರೂ ಅವರನ್ನೇ ಕರೆಯುತ್ತಿದ್ದರು. ಒಳ್ಳೆಯದಕ್ಕೂ ಅವರೇ, ಕೆಟ್ಟದ್ದಕ್ಕೂ ಅವರೇ. ಅವರನ್ನು ನೋಡುತ್ತಲೇ, ಇವತ್ತು ಹೇಳುತ್ತಾರೆ ಎಂದು ಗೊತ್ತಾಯಿತು.

ನಿರುಪಮಾ ಸೊರಗಿಹೋಗಿದ್ದಳು. ಕೈಬಳೆ ಮೊಣಕೈ ತನಕ ಜಾರುತ್ತಿತ್ತು. ‘ಎಷ್ಟ್ ಕರ್ರಗ ಆಗೀರಿ’ ಎಂದಳು, ನನ್ನ ಕಡೆ ಪೂರ್ತಿ ನೋಡದೆ.

ದಾರಿಯುದ್ದಕ್ಕೂ ಕೇಶವಮೂರ್ತಿ ಮಾತಾಡಿದರು. ಪೆಟ್ರೋಲ್ ಬಂಕಿನ ಕ್ಯೂ ಕಡಿಮೆಯಾದದ್ದು, ಹೊಸ ಅಧ್ಯಕ್ಷ, ಟರ್ನ್‌ಪೈಕ್ ಹೆದ್ದಾರಿಯ ರಿಪೇರಿ. ಅವರು ಮಾತಿನ ಮನುಷ್ಯರಲ್ಲ. ಸುಮ್ಮನಿದ್ದರೆ ಎಲ್ಲಿ ನಾನು ಮನೆ ಕಡೆ ಹೇಗಿದ್ದಾರೆ ಎಂದು ಕೇಳಿಬಿಡುತ್ತೇನೋ ಎಂಬ ಹೆದರಿಕೆ. ನಾನು ಕೇಳಲಿಲ್ಲ. ಆರು ವಾರ ಆದಮೇಲೆ ಬಂದ ಮಗ ತಾಯಿಯಿಂದ ಪತ್ರ ಬಂತಾ ಎಂದು ಕೇಳದಿರುವುದು ವಿಚಿತ್ರ ಎಂದು ಅವರಿಬ್ಬರಿಗೂ ಅನ್ನಿಸಲಿಲ್ಲ, ಅಷ್ಟು ಗಾಬರಿಯಲ್ಲಿದ್ದರು.

‘ಗೊರಿಲ್ಲಾ ಹೆಂಗಿತ್ತರಿ?’ ಹಿಂದಿನ ಸೀಟಿನಿಂದ ನಿರುಪಮಾ ಕೇಳಿದಳು.

‘ದೊಡ್ಡದು’ ಎಂದೆ.

ಮನೆ ಮುಟ್ಟಿದಾಗ ಹನ್ನೆರಡೂವರೆ. ಬಾಗಿಲು ತೆಗೆಯುತ್ತಲೇ ಹುಳಿಯ ವಾಸನೆ. ‘ಕೈಕಾಲು ತೊಳಕೊಂಡು ಬರ್ರಿ. ಮೊದಲ ಊಟಾ ಆಗ್ಲಿ’ ಎಂದಳು. ಕೇಶವಮೂರ್ತಿ, ‘ನಂದಾಯ್ತು, ನೀವು ಕೂತ್ಕೊಳಿ. ನಾನು ಹಿಂದ್ಗಡೆ ಗಾಳಿಗೆ ನಿಂತಿರ್ತೀನಿ’ ಎಂದು ಬಾಗಿಲು ಸರಿಸಿ ಹೊರಗೆ ಹೋಗಿ, ಹಿಂದಿನಿಂದ ಅದನ್ನು ಎಳೆದುಕೊಂಡರು. ಬಿಸಿಲಿನಲ್ಲಿ ಜೋಳದ ಹೊಲದ ಕಡೆ ಮುಖ ಮಾಡಿ ನಿಂತರು.

ನಮ್ಮವರಲ್ಲಿ ಪ್ರಯಾಣ ಮಾಡಿ ಬಂದವನಿಗೆ ಸಾವಿನ ಸುದ್ದಿಯನ್ನು ಊಟಕ್ಕೆ ಮುಂಚೆ ಹೇಳುವುದಿಲ್ಲ. ಕಿವಿಗೆ ಬಿದ್ದ ಮೇಲೆ ಅವನು ಉಣ್ಣುವಂತಿಲ್ಲ, ಸ್ನಾನಕ್ಕೆ ಏಳಬೇಕು, ಸೂತಕ ಆ ಘಳಿಗೆಯಿಂದಲೇ. ಹಸಿದು ಬಂದವನ ಹೊಟ್ಟೆಗೆ ನಾಲ್ಕು ತುತ್ತು ಹೋಗಲಿ, ಆಮೇಲೆ ಹೇಳೋಣ ಎನ್ನುತ್ತಾರೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯ ಹಜಾರದಲ್ಲೇ ಹೀಗೆ ಏನೂ ತಿಳಿಯದೆ ಉಂಡವರನ್ನು ನೋಡಿದ್ದೇನೆ. ಅವರ ಸುತ್ತ ನಿಂತವರೆಲ್ಲ ಎಲೆಯ ಮೇಲೆಯೇ ಕಣ್ಣಿಟ್ಟಿರುತ್ತಿದ್ದರು. ನಾನು ತಟ್ಟೆಯ ಮುಂದೆ ಕೂತೆ.

ಬೆಂಡೆಕಾಯಿ ಪಲ್ಯ ಮಾಡಿದ್ದಳು. ಆ ಕಾಲದಲ್ಲಿ ಒಳ್ಳೆಯ ಬೆಂಡೆಕಾಯಿ ಬೇಕೆಂದರೆ ಮ್ಯಾನ್‌ಹ್ಯಾಟನ್ನಿಗೆ ಹೋಗಬೇಕಿತ್ತು. ಹುಳಿ, ಮೆಣಸಿನ ಸಾರು, ಹಪ್ಪಳ. ಸಿಹಿ ಮಾತ್ರ ಇರಲಿಲ್ಲ. ಬಡಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು, ಸೌಟು ಕೈಯಲ್ಲೇ ಹಿಡಿದು ಕೂತಳು.

ನನಗೆ ಹಸಿವಿತ್ತು, ಅದನ್ನೂ ಹೇಳಿಬಿಡುತ್ತೇನೆ. ನಲವತ್ತು ದಿನದ ಹೊಗೆ ವಾಸನೆಯ ಅನ್ನದ ಮೇಲೆ ಅದು ಅಮೃತ. ಹುಳಿಯನ್ನ ಮುಗಿಸಿದೆ. ಸಾರನ್ನ ಮುಗಿಸಿದೆ. ಮಜ್ಜಿಗೆಗೆ ಬಂದಾಗ, ಇದು ಮುಗಿದರೆ ಅವಳು ಹೇಳುತ್ತಾಳೆ ಎಂದು ಕೈ ನಿಂತಿತು.

‘ಇನ್ನೊಂಚೂರು ಅನ್ನ ಹಾಕು. ಸಾರಿಗೆ’ ಎಂದೆ.

ಹಾಕಿದಳು. ಉಂಡೆ. ಮತ್ತೆ ಕೇಳಿದೆ. ಮತ್ತೆ ಹಾಕಿದಳು. ಮೂರನೆಯ ಸಲ ಕೇಳಿದಾಗ ಅವಳ ಕಣ್ಣು ತುಂಬಿಬಂತು. ‘ಪಾಪ, ಎಷ್ಟ್ ದಿವ್ಸ ಆಗಿತ್ತೋ’ ಎಂದು ತುಪ್ಪ ಹಾಕಿದಳು. ಹೊಟ್ಟೆ ಬಿರಿಯುತ್ತಿತ್ತು. ಉಣ್ಣುತ್ತ ಉಣ್ಣುತ್ತ ಲೆಕ್ಕ ಹಾಕಿದೆ. ಸುಮ್ಮನೆ ಗೊತ್ತಿಲ್ಲದವನ ಹಾಗೆ ಇದ್ದುಬಿಟ್ಟರೆ ಯಾರಿಗೆ ತಿಳಿಯುತ್ತದೆ? ದೇಶ ದೇಶ ದಾಟಿ ಬರುವ ಪತ್ರ, ಕಳೆದುಹೋಯಿತು ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಒಮ್ಮೆ ಮುಖ ಕಿವುಚಿ ಕೂತರೆ ಮುಗಿಯಿತು. ಹೇಳಿದರೆ ಇವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಈ ಮನೆಯಲ್ಲಿ, ಈ ಮೇಜಿನ ಮುಂದೆ, ಇನ್ನು ಮೇಲೆ ನನಗೆ ಯಾವ ಮುಖದಿಂದ ಬಡಿಸುತ್ತಾಳೋ.

ಕೊನೆಗೆ ಎದ್ದು ಕೈ ತೊಳೆದು ಬಂದೆ. ಅವಳು ಎದ್ದು ನಿಂತಿದ್ದಳು.

‘ಕೂಡ್ರಿ ಒಂದ್ ಸ್ವಲ್ಪ’ ಎಂದಳು. ಕೂತೆ. ‘ಗಟ್ಟಿ ಮನಸ್ ಮಾಡ್ರಿ. ಅತ್ತಿಯವರು ಹೋಗಿಬಿಟ್ಟರು. ನೀವು ಹೋದ ಮೂರನೇ ದಿವ್ಸಕ್ಕ. ತ್ರಾಸ ಏನೂ ಆಗಿಲ್ಲಂತ, ಕಾಫಿ ಕುಡಿದು ಕೂತವ್ರು ಹಂಗ…’ ಒಂದು ತಿಂಗಳಿನಿಂದ ತಡೆದಿಟ್ಟುಕೊಂಡ ಅಳು, ನನ್ನ ಎದುರಿಗೇ ಅಳಬೇಕೆಂದು ಉಳಿಸಿಕೊಂಡದ್ದು. ನನ್ನ ಭುಜ ಹಿಡಿದು ಅತ್ತಳು. ನಾನು ಅಲ್ಲಾಡದೆ ಕೂತಿದ್ದೆ.

‘ಅಳ್ರಿ’ ಎಂದಳು. ‘ಹಿಂಗ ಕೂಡಬ್ಯಾಡ್ರಿ, ಅಳ್ರಿ. ತಂತಿ ಬಂದಾಗ ನಿಮಗ ಬರೀಬೇಕಂತ ಪೆನ್ನ ಹಿಡದಿದ್ದೆ. ಆದ್ರ ಆ ಅಡವ್ಯಾಗ, ಗುರ್ತಿಲ್ಲದ ಮಂದಿ ನಡುವ, ಒಬ್ಬರ ಕೂತು ಅಳತೀರಲ್ಲ ಅನ್ನಿಸ್ತು. ನಾ ಹಿಡಕೊಳ್ಳಲಿಕ್ಕೆ ಇರೂದಿಲ್ಲ. ಅದಕ್ಕ ಬರೀಲಿಲ್ಲ. ತಪ್ಪ ಆಗಿದ್ರ ಬೈರಿ.’

ನಾನು ಒಬ್ಬನೇ ಕೂತು ಅಳಬಾರದೆಂದು. ಅಳು ಎಂಬುದು ನನ್ನಲ್ಲಿ ಇದ್ದೇ ಇದೆ ಎಂದು ಅವಳು ನಂಬಿದ್ದಳು.

ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹೋದ ವಾರ ಪಂಕಜಕ್ಕನ ಪತ್ರ ಬಂತು. ನಿಮಗೂ ನೈರೋಬಿಗೆ ಬರದಿದ್ರಂತ, ನಂಗ ಗೊತ್ತೇ ಇರಲಿಲ್ಲ. ಹದಿಮೂರನೇ ದಿವ್ಸ ಮಧ್ಯಾಹ್ನ ಎರಡರ ತನಕ ಯಾರೂ ಊಟಕ್ಕ ಕೂಡಲಿಲ್ಲಂತ. ಟ್ಯಾಕ್ಸಿ ಸಪ್ಪಳ ಕೇಳಿದಾಗೆಲ್ಲಾ ಅಕ್ಕ ಬಾಗಿಲಿಗೆ ಹೋಗಿ ನೋಡ್ತಿದ್ರಂತ.’ ನನ್ನ ಮುಖ ನೋಡಿದಳು. ‘ಆ ಪತ್ರ ಮುಟ್ಟಲಿಲ್ಲೇನ್ರಿ ನಿಮಗ?’

ಇಲ್ಲ ಎಂಬ ಮಾತು ಬಾಯಲ್ಲಿ ತಯಾರಾಗಿತ್ತು. ಉತ್ತರವನ್ನೂ ಅವಳೇ ಪ್ರಶ್ನೆಯಲ್ಲಿ ಇಟ್ಟುಕೊಟ್ಟಿದ್ದಳು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು.

‘ಮುಟ್ಟಿತು’ ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ‘ಯಾವಾಗ? ವಾಪಸ್ ಬರೂವಾಗ?’

‘ಇಪ್ಪತ್ತೈದನೇ ತಾರೀಖು. ಗುರುವಾರ.’

ಬೆರಳು ಮಡಚಿ ಎಣಿಸಲಿಲ್ಲ, ಆದರೆ ಎಣಿಸಿದಳು, ಕಣ್ಣಿನಲ್ಲೇ ಕಂಡಿತು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಭುಜದ ಮೇಲಿದ್ದ ಕೈ ತೆಗೆದಳು. ಮೇಜಿನ ಮೇಲೆ ನನ್ನ ತಟ್ಟೆ ಇನ್ನೂ ಇತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಯಾಕೆ ಹೋಗಲಿಲ್ಲ ಎಂದು ಕೇಳುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಬೇರೆ.

‘ಅವತ್ತ ಸ್ನಾನಾ ಮಾಡಿದ್ರೇನು?’

‘ಇಲ್ಲ.’

‘ಹಂಗಾದ್ರ ಈಗ ಹೋಗಿ ಮಾಡ್ರಿ. ತಣ್ಣೀರಾಗ. ಉಟ್ಟ ಬಟ್ಟಿ ಮ್ಯಾಲೆನ.’

ಶೂ ಮಾತ್ರ ಬಿಚ್ಚಿ, ಪ್ಯಾಂಟು ಶರ್ಟಿನಲ್ಲೇ ಹೋಗಿ ಶವರಿನ ಕೆಳಗೆ ನಿಂತೆ. ಬಚ್ಚಲಿಂದ ಹಿಂದಿನ ಬಾಗಿಲು ನಾಲ್ಕು ಹೆಜ್ಜೆ. ಅವಳು ಅದನ್ನು ಸರಿಸಿದ್ದು ಕೇಳಿಸಿತು, ಕೇಶವಮೂರ್ತಿ ಒಳಗೆ ಬಂದದ್ದೂ ಕೇಳಿಸಿತು.

‘ಹೇಳಿದ್ರಾ?’ ಎಂದರು ಅವರು ಸಣ್ಣ ದನಿಯಲ್ಲಿ.

‘ಹೇಳಿದೆ.’

‘ಪತ್ರದ ವಿಷಯ?’

ನಾನು ನೀರು ನಿಲ್ಲಿಸಿದೆ.

‘ಪತ್ರ ಮುಟ್ಟಿಲ್ಲರಿ’ ಎಂದಳು ನಿರುಪಮಾ. ‘ಪಾಪ, ಅವರಿಗೆ ಏನೂ ಗೊತ್ತಿರಲಿಲ್ಲ. ಈಗ ನನ್ನ ಬಾಯಿಂದನ ಕೇಳಿದ್ದು.’ ಅವಳ ದನಿಯಲ್ಲಿ ಈಗ ಅಳು ಇರಲಿಲ್ಲ. ‘ಪಂಕಜಕ್ಕಗೂ ಹಂಗ ಬರೀತೀನಿ.’

ಆಗ ನನಗೆ ಅಳು ಬಂತು ಎಂದು ಹೇಳಿದರೆ ಕತೆಗೆ ಚೆನ್ನಾಗಿರುತ್ತದೆ. ಬರಲಿಲ್ಲ. ಬಂದದ್ದು ನಾಚಿಕೆ. ನೈರೋಬಿಯ ಆ ಬೆಳಗಿನ ನಂತರ ನನ್ನ ಮೈಗೆ ತಾಗಿದ ಮೊದಲನೆಯದು ಅದೇ. ಕಿವಿ, ಕುತ್ತಿಗೆ, ಎದೆ ಸುಡುತ್ತಿತ್ತು, ತಣ್ಣೀರು ಮತ್ತೆ ಬಿಟ್ಟುಕೊಂಡರೂ ಹೋಗಲಿಲ್ಲ. ಬೇಗ ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ. ಈಗಷ್ಟೇ ಸುದ್ದಿ ಕೇಳಿದವನಿಗೆ ಎಷ್ಟು ಹೊತ್ತು ಬೇಕಾಗುತ್ತದೋ ಅಷ್ಟು ಹೊತ್ತು ಅವರು ಬಿಟ್ಟುಕೊಟ್ಟಿದ್ದರು.

ಒಣ ಪಂಚೆ ಉಟ್ಟು ಹೊರಗೆ ಬಂದೆ. ಕೇಶವಮೂರ್ತಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ‘ನಿಮ್ಮ ತಪ್ಪೇನಿಲ್ಲ ದ್ವಾರಕಾನಾಥ್’ ಎಂದರು. ‘ಪತ್ರ ಒಂದು ಕೈಗೆ ಸಿಕ್ಕಿದ್ದಿದ್ರೆ ನೀವು ಬಿಡ್ತಿದ್ರಾ? ಹೇಗಾದ್ರೂ ಮಾಡಿ ಹೋಗೇ ಹೋಗ್ತಿದ್ರಿ.’

ಅವರ ಹೆಗಲಿನ ಆಚೆ ನಿರುಪಮಾ ನಿಂತಿದ್ದಳು. ನನ್ನ ಉಂಡ ತಟ್ಟೆ ಅವಳ ಕೈಯಲ್ಲಿತ್ತು.

‘ಹೌದು’ ಎಂದೆ. ‘ಹೋಗ್ತಿದ್ದೆ.’

ಅವಳು ತಟ್ಟೆ ತಗೊಂಡು ಅಡಿಗೆಮನೆಗೆ ಹೋದಳು.